‘ಕವೆನೆಂಟ್’ ಎಂಬ ಮಾತು ಮತ್ತು ನಮ್ಮ ‘ಒಡಂಬಡಿಕೆ’

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಉಪನ್ಯಾಸಮಾಲೆಯಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸದ ಪಾಠ)



ಈ ಸಂಜೆ ತಮ್ಮೆದುರು ಒಂದೇ ಒಂದು ಶಬ್ದವನ್ನು ಕುರಿತು ನಾಲ್ಕು ಮಾತುಗಳನ್ನು ನಿವೇದಿಸಿಕೊಳ್ಳಲು ನಿಂತಿದ್ದೇನೆ. ಅದು ‘ಕವೆನೆಂಟ್’ ಎಂಬ ಇಂಗ್ಲಿಷ್ ಶಬ್ದ. ವಕೀಲರ ಕಚೇರಿಯಲ್ಲಿಯೂ ಬ್ಯಾಂಕಿನ ಸಾಲಪತ್ರದಲ್ಲಿಯೂ ಕಾಣಸಿಗುವ ಈ ಶಬ್ದ, ಇಂಗ್ಲಿಷಿನಲ್ಲಿ ಪೂಜೆಯನ್ನರ್ಪಿಸುವಾಗ ಪೂಜಾಪಾತ್ರೆಯ ಮೇಲೆ ಉಚ್ಚರಿಸುವ ಮಾತುಗಳಲ್ಲಿಯೂ ಇದೆ. ವಿವಾಹ ಸಿದ್ಧತಾ ಶಿಬಿರವೊಂದರಲ್ಲಿ ಒಬ್ಬ ಯುವಕ ಎದ್ದು ನಿಂತು, “ಫಾದರ್, ಮನೆ ಸಾಲದ ಕಾಗದದಲ್ಲೂ ಕವೆನೆಂಟ್ ಅಂತಿದೆ, ಮದುವೇನೂ ಕವೆನೆಂಟ್ ಅಂತೀರಿ. ಎರಡೂ ಅಗ್ರಿಮೆಂಟೇ ತಾನೆ?” ಎಂದು ಕೇಳಿದ. ಉಳಿದವರು ನಕ್ಕರು. ಆದರೆ ಅದು ನಗುವಂತಹ ಪ್ರಶ್ನೆಯಲ್ಲ. ಅದಕ್ಕೆ ನಾವು ಕೊಡುವ ಉತ್ತರವನ್ನು ಅವಲಂಬಿಸಿ ಎಷ್ಟೋ ಮನೆಗಳ ಸುಖದುಃಖ ನಿಂತಿದೆ.

ಮೊದಲು ಶಬ್ದದ ಹುಟ್ಟನ್ನು ನೋಡೋಣ. ಲತೀನಿನಲ್ಲಿ ‘ಕೊನ್ವೆನೀರೆ’ ಎಂದರೆ ಜೊತೆಗೂಡಿ ಬರುವುದು, ಒಂದೆಡೆ ಸೇರುವುದು. ಅದರಿಂದ ಹಳೆಯ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ‘ಕವೆನೆಂಟ್’ ಬಂದಿತು. ನಮ್ಮ ‘ಒಡಂಬಡಿಕೆ’ಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಒಡನೆ, ಒಡನಾಟ, ಒಡಹುಟ್ಟಿದವರು ಎಂಬ ಮಾತುಗಳಲ್ಲಿರುವ ‘ಒಡ’ ಎಂಬುದೇ ‘ಒಡಂಬಡು’ ಎಂಬ ಕ್ರಿಯಾಪದದಲ್ಲಿಯೂ ಇದೆ. ಒಟ್ಟಾಗುವುದು, ಒಬ್ಬರ ಜೊತೆಗೆ ಇನ್ನೊಬ್ಬರು ನಿಲ್ಲುವುದು ಎಂಬುದೇ ಎರಡರ ಬೇರು. ಎಲ್ಲಿಯ ಲತೀನು, ಎಲ್ಲಿಯ ಕನ್ನಡ! ‘ಕರಾರು’ ಎಂಬ ಮಾತು ಮಾತ್ರ ಅರಬ್ಬಿ ಮೂಲದ್ದು. ನೆಲೆನಿಲ್ಲುವುದು, ಇತ್ಯರ್ಥವಾಗುವುದು ಎಂಬ ಅರ್ಥದಿಂದ ಹೊರಟು ಕಂದಾಯ ಕಚೇರಿಗಳ ಭಾಷೆಯ ಮೂಲಕ ನಮ್ಮಲ್ಲಿಗೆ ಬಂದದ್ದು. ಕರಾರಿನಲ್ಲಿ ಮುಖ್ಯವಾದದ್ದು ಇತ್ಯರ್ಥ. ಒಡಂಬಡಿಕೆಯಲ್ಲಿ ಮುಖ್ಯವಾದದ್ದು ಜೊತೆ.

ಕಾನೂನಿನ ಭಾಷೆಯಲ್ಲಿ ‘ಅಗ್ರಿಮೆಂಟ್’, ‘ಕಾಂಟ್ರಾಕ್ಟ್’, ‘ಕವೆನೆಂಟ್’ ಮೂರೂ ಒಂದೇ ಅಲ್ಲ. ನಮ್ಮ ದೇಶದ 1872ರ ಕರಾರು ಕಾಯಿದೆಯ ಪ್ರಕಾರ, ಪರಸ್ಪರ ಪ್ರತಿಫಲವಾಗಿ ನಿಲ್ಲುವ ವಾಗ್ದಾನಗಳು ಸೇರಿದರೆ ಒಪ್ಪಂದ. ಕಾನೂನಿನ ಬಲದಿಂದ ಜಾರಿಮಾಡಬಹುದಾದ ಒಪ್ಪಂದವೇ ಕರಾರು. ಇಲ್ಲಿ ‘ಪ್ರತಿಫಲ’ ಎಂಬುದು ಜೀವಾಳ. ನೀನು ಇಷ್ಟು ಕೊಟ್ಟರೆ ನಾನು ಇಷ್ಟು ಮಾಡುತ್ತೇನೆ. ನೀನು ತಪ್ಪಿದರೆ ನನ್ನ ಕಟ್ಟು ಬಿಚ್ಚಿತು, ಜೊತೆಗೆ ನಷ್ಟವನ್ನೂ ಕೇಳುತ್ತೇನೆ. ಪ್ರತಿಫಲವಿಲ್ಲದ ಒಪ್ಪಂದ ಸಾಮಾನ್ಯವಾಗಿ ಶೂನ್ಯವೆಂದು ಅದೇ ಕಾಯಿದೆಯ 25ನೆಯ ಕಲಮು ಹೇಳುತ್ತದೆ. ಆದರೆ ಸ್ವಾರಸ್ಯವೇನೆಂದರೆ, ಅದೇ ಕಲಮಿನಲ್ಲಿ ಕೆಲವು ವಿನಾಯಿತಿಗಳಿದ್ದು, ಅವುಗಳಲ್ಲಿ ಮೊದಲನೆಯದು ಪ್ರೀತಿಗೆ ಸಂಬಂಧಿಸಿದ್ದು. ಹತ್ತಿರದ ಬಂಧುಗಳ ನಡುವೆ ಸಹಜವಾದ ಪ್ರೀತಿವಾತ್ಸಲ್ಯಗಳಿಂದ ಬರೆದುಕೊಟ್ಟು ನೋಂದಾಯಿಸಿದ ವಾಗ್ದಾನ, ಪ್ರತಿಫಲವಿಲ್ಲದಿದ್ದರೂ ನಿಲ್ಲುತ್ತದೆ. ವ್ಯಾಪಾರಕ್ಕಾಗಿ ಮಾಡಿದ ಕಾಯಿದೆಗೂ ಲೋಕದಲ್ಲಿ ಪ್ರೀತಿ ಎಂಬುದೊಂದು ಇದೆಯೆಂದು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಹಳೆಯ ಇಂಗ್ಲಿಷ್ ನ್ಯಾಯಪದ್ಧತಿಯಲ್ಲಿ ಕವೆನೆಂಟ್ ಎಂದರೆ ಮುದ್ರೆಯೊತ್ತಿದ ಪತ್ರದಲ್ಲಿ ಬರೆದುಕೊಟ್ಟ ವಾಗ್ದಾನ. ಅದಕ್ಕೆ ಪ್ರತಿಫಲ ಬೇಕಿರಲಿಲ್ಲ, ಮುದ್ರೆಯೇ ಸಾಕಾಗಿತ್ತು. ಅಲ್ಲಿ ಈ ಮುದ್ರೆಯ ಕಡ್ಡಾಯವನ್ನು ವ್ಯಕ್ತಿಗಳ ಮಟ್ಟಿಗೆ 1989ರ ಕಾನೂನಿನಿಂದ ತೆಗೆದುಹಾಕಿದರು. ಇಂದು ಕವೆನೆಂಟ್ ಎಂದರೆ ಸಾಮಾನ್ಯವಾಗಿ ಒಂದು ಪತ್ರದೊಳಗೆ ಒಬ್ಬನು ತಲೆಯ ಮೇಲೆ ಹೊತ್ತುಕೊಂಡ ನಿರ್ದಿಷ್ಟ ಹೊಣೆ. ಇದು ದೂರದ ಮಾತೆಂದು ತಿಳಿಯಬೇಡಿರಿ. ತಮ್ಮಲ್ಲಿ ಹೊಲವನ್ನೋ ನಿವೇಶನವನ್ನೋ ಕೊಂಡವರು ತಮ್ಮ ಕ್ರಯಪತ್ರವನ್ನು ತೆಗೆದು ನೋಡಿರಿ. ಈ ಸ್ವತ್ತಿನ ಮೇಲೆ ಯಾವ ಋಣಭಾರವೂ ಇಲ್ಲ, ಮುಂದೆ ತಂಟೆತಕರಾರು ಬಂದರೆ ನಾನೇ ನನ್ನ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ ಎಂಬ ಅರ್ಥದ ಸಾಲುಗಳನ್ನು ಪತ್ರಬರಹಗಾರರು ತಪ್ಪದೆ ಬರೆದಿರುತ್ತಾರೆ. ಅದೇ ಕವೆನೆಂಟ್. ಬರೆಯದೇ ಬಿಟ್ಟರೂ, ಬೇರೆ ಕರಾರಿಲ್ಲದಿದ್ದರೆ, ಮಾರುವ ಹಕ್ಕು ತನಗುಂಟೆಂಬ ಭರವಸೆಯನ್ನು ಮಾರುವವನು ಕೊಟ್ಟಂತೆಯೇ ಎಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಒಂದು ಸಂಗತಿಯನ್ನು ಗಮನಿಸಿರಿ: ಆ ಸಾಲುಗಳಲ್ಲಿ ‘ನಾನು’ ಎಂದಿರುತ್ತದೆ, ‘ನೀನು’ ಎಂದಲ್ಲ. ಕವೆನೆಂಟ್ ಬರೆದುಕೊಡುವವನು ಕಟ್ಟುವುದು ತನ್ನನ್ನು. ಈ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ಇನ್ನೊಂದು ಗುಣವೂ ಇದಕ್ಕಿದೆ. ಕೆಲವು ಕವೆನೆಂಟುಗಳು ಬರೆದುಕೊಟ್ಟವನ ಜೊತೆಗೇ ಮುಗಿಯುವುದಿಲ್ಲ. ಲಂಡನ್ನಿನ ಲೆಸ್ಟರ್ ಚೌಕದ ತೋಟವನ್ನು ಟಲ್ಕ್ ಎಂಬಾತ 1808ರಲ್ಲಿ ಮಾರಿದ. ಇದನ್ನು ತೋಟವಾಗಿಯೇ ಉಳಿಸಬೇಕು, ಕಟ್ಟಡದಿಂದ ಮುಚ್ಚಬಾರದು ಎಂದು ಕೊಂಡವನಿಂದ ಬರೆಸಿಕೊಂಡಿದ್ದ. ಕೈಯಿಂದ ಕೈಗೆ ಹೋಗುತ್ತ ಆ ಜಾಗ ಮಾಕ್ಸ್‌ಹೇ ಎಂಬಾತನಿಗೆ ಸೇರಿತು. ಅವನ ಪತ್ರದಲ್ಲಿ ಆ ನಿರ್ಬಂಧವಿರಲಿಲ್ಲ, ಆದರೆ ಅದು ಉಂಟೆಂಬ ವಿಷಯ ಅವನಿಗೆ ತಿಳಿದಿತ್ತು. ಕಟ್ಟಡ ಕಟ್ಟಲು ಹೊರಟ. 1848ರಲ್ಲಿ ಲಾರ್ಡ್ ಕಾಟೆನ್‌ಹ್ಯಾಂ ಅವರು, ತಿಳಿದೂ ಕೊಂಡವನು ಹಿಂದಿನವನ ಮಾತಿಗೆ ಬದ್ಧನೆಂದು ತೀರ್ಪಿತ್ತರು. ಲೆಸ್ಟರ್ ಚೌಕದಲ್ಲಿ ಇಂದಿಗೂ ತೋಟವಿದೆ. ಕೊಟ್ಟವನು ಸತ್ತ ಮೇಲೂ ಮಾತು ನೆಲದಲ್ಲಿ ಬೇರು ಬಿಟ್ಟು ಉಳಿಯಿತು.

ನಮ್ಮ ಸಂವಿಧಾನದಲ್ಲಿಯೂ ಈ ಶಬ್ದವಿದೆಯೆಂಬುದು ಬಹಳ ಮಂದಿಗೆ ತಿಳಿಯದು. ಸ್ವಾತಂತ್ರ್ಯದ ನಂತರ ದೇಶೀಯ ಸಂಸ್ಥಾನಗಳು ಒಂದುಗೂಡಿದಾಗ ಅರಸರು ಸಹಿಮಾಡಿದ ಹಲವು ಪತ್ರಗಳಿಗೆ ಕವೆನೆಂಟ್ ಎಂದೇ ಹೆಸರು. ಆ ಅರಸರಿಗೆ ರಾಜಧನವನ್ನು ಕೊಡುವ ಭರವಸೆ 291ನೆಯ ಅನುಚ್ಛೇದದಲ್ಲಿತ್ತು. 1970ರಲ್ಲಿ ಸರ್ಕಾರ ಅರಸರ ಮಾನ್ಯತೆಯನ್ನು ಹಿಂತೆಗೆದುಕೊಂಡಾಗ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. 1971ರ 26ನೆಯ ತಿದ್ದುಪಡಿಯಿಂದ ಆ ಅನುಚ್ಛೇದವೇ ರದ್ದಾಯಿತು. ಪ್ರಜಾಪ್ರಭುತ್ವದಲ್ಲಿ ರಾಜಧನ ಉಳಿಯಬೇಕಾಗಿತ್ತೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಮನುಷ್ಯರ ಕವೆನೆಂಟ್ ಎಷ್ಟು ಗಂಭೀರವಾದ ಕಾಗದದ ಮೇಲಿದ್ದರೂ ಅದನ್ನು ಬಿಡಿಸುವ ಅಧಿಕಾರವೊಂದು ಎಲ್ಲಿಯೋ ಇರುತ್ತದೆ ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಇನ್ನು ಪವಿತ್ರ ಗ್ರಂಥಕ್ಕೆ ಬರೋಣ. ಹಿಬ್ರೂ ಭಾಷೆಯ ಶಬ್ದ ‘ಬೆರೀತ್’. ಕ್ರಿಸ್ತಪೂರ್ವದಲ್ಲಿ ಇದನ್ನು ಗ್ರೀಕಿಗೆ ತಂದ ಯೆಹೂದ್ಯ ಪಂಡಿತರ ಮುಂದೆ ಎರಡು ಮಾತುಗಳಿದ್ದವು. ಸರಿಸಮಾನರು ಕುಳಿತು ಮಾಡಿಕೊಳ್ಳುವ ಒಪ್ಪಂದಕ್ಕೆ ‘ಸಿಂಥೇಕೆ’. ಒಬ್ಬನು ತನ್ನ ಇಚ್ಛೆಯಿಂದ ಮಾಡುವ ವ್ಯವಸ್ಥೆಗೆ, ಮುಖ್ಯವಾಗಿ ಉಯಿಲಿಗೆ, ‘ದಿಯಾಥೇಕೆ’. ಅವರು ಎರಡನೆಯದನ್ನು ಆರಿಸಿಕೊಂಡರು. ದೇವರೂ ಮನುಷ್ಯನೂ ಸರಿಸಮಾನರಾಗಿ ಚೌಕಾಶಿ ಮಾಡಿದರೆಂಬ ಭಾವನೆ ಬರಬಾರದೆಂಬುದೇ ಇದಕ್ಕೆ ಕಾರಣವೆಂದು ವಿದ್ವಾಂಸರು ಹೇಳುತ್ತಾರೆ. ಗ್ರೀಕಿನಿಂದ ಲತೀನಿಗೆ ಬಂದಾಗ ಅದು ‘ತೆಸ್ತಾಮೆಂತುಮ್’ ಆಯಿತು. ಸಂತ ಜೆರೋಮರು ಹಿಬ್ರೂ ಮೂಲದಿಂದ ನೇರವಾಗಿ ಭಾಷಾಂತರಿಸಿದ ಭಾಗಗಳಲ್ಲಿ ಹೆಚ್ಚಾಗಿ ‘ಫೇದುಸ್’, ‘ಪಾಕ್ತುಮ್’ ಎಂಬ ಮಾತುಗಳನ್ನು ಬಳಸಿದರಾದರೂ ಗ್ರಂಥದ ಹೆಸರಾಗಿ ಉಳಿದದ್ದು ‘ತೆಸ್ತಾಮೆಂತುಮ್’. ಆದ್ದರಿಂದಲೇ ಇಂಗ್ಲಿಷಿನಲ್ಲಿ ಬೈಬಲಿನ ಭಾಗಗಳು ಇಂದಿಗೂ ‘ಟೆಸ್ಟಮೆಂಟ್’. ವಕೀಲನಿಗೆ ಆ ಮಾತು ಕೇಳಿದೊಡನೆ ಮರಣಶಾಸನ ನೆನಪಾದರೆ ಅವನ ತಪ್ಪಲ್ಲ. ಹಿಬ್ರಿಯರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯವೂ ಈ ಎರಡು ಅರ್ಥಗಳನ್ನು ಜೋಡಿಸಿಕೊಂಡೇ ವಾದವನ್ನು ಕಟ್ಟುತ್ತದೆ. ಪೂಜಾವಿಧಿಯ ಲತೀನು ಪಾಠದಲ್ಲಿ ಇಂದಿಗೂ ಅದೇ ಮಾತಿದೆ. ಹಳೆಯ ಇಂಗ್ಲಿಷ್ ಪೂಜಾ ಪುಸ್ತಿಕೆಗಳಲ್ಲಿ ‘ಟೆಸ್ಟಮೆಂಟ್’ ಎಂದಿದ್ದುದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರದ ಅಧಿಕೃತ ಭಾಷಾಂತರದಲ್ಲಿ ‘ಕವೆನೆಂಟ್’ ಆಯಿತು. 2011ರ ಪರಿಷ್ಕರಣದಲ್ಲಿಯೂ ಹಾಗೆಯೇ ಉಳಿಯಿತು. ಈ ತೊಡಕು ಕನ್ನಡಿಗರಾದ ನಮಗಿಲ್ಲ. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂದು ನಾವು ಹೇಳುವಾಗ ಹಿಬ್ರೂ ಮೂಲದ ಹತ್ತಿರಕ್ಕೇ ಹೋಗಿರುತ್ತೇವೆ. ಇದು ನಮ್ಮ ಭಾಷೆಯ ಭಾಗ್ಯ.

ಹಿಬ್ರೂವಿನಲ್ಲಿ ಬೆರೀತನ್ನು ‘ಮಾಡುವುದು’ ಎನ್ನುವುದಕ್ಕಿಂತ ‘ಕಡಿಯುವುದು’ ಎನ್ನುವುದೇ ರೂಢಿ. ಏನನ್ನು ಕಡಿಯುವುದು? ಆದಿಕಾಂಡದ ಹದಿನೈದನೆಯ ಅಧ್ಯಾಯವನ್ನು ಓದಿರಿ. ಅಬ್ರಹಾಮನು ಮೂರು ವರ್ಷದ ಕಡಸನ್ನೂ ಆಡನ್ನೂ ಟಗರನ್ನೂ ತಂದು, ಸೀಳಿ, ಹೋಳುಗಳನ್ನು ಎದುರುಬದುರಾಗಿ ಇಡುತ್ತಾನೆ. ಆ ಕಾಲದ ಪದ್ಧತಿಯಂತೆ ಒಡಂಬಟ್ಟವರು ಹೋಳುಗಳ ನಡುವೆ ನಡೆದುಹೋಗುತ್ತಿದ್ದರು. ಮಾತಿಗೆ ತಪ್ಪಿದರೆ ನನಗೂ ಈ ಪಶುವಿನ ಗತಿಯೇ ಆಗಲಿ ಎಂಬುದು ಅದರ ಅರ್ಥ. ಈ ಅರ್ಥವನ್ನು ಪ್ರವಾದಿ ಯೆರೆಮೀಯನ ಗ್ರಂಥದ ಮೂವತ್ತನಾಲ್ಕನೆಯ ಅಧ್ಯಾಯ ಸ್ಪಷ್ಟಪಡಿಸುತ್ತದೆ. ಅರಸ ಚಿದ್ಕೀಯನ ಕಾಲದಲ್ಲಿ ಜೆರುಸಲೇಮಿನ ಧಣಿಗಳು ತಮ್ಮ ದಾಸದಾಸಿಯರನ್ನು ಬಿಡುಗಡೆ ಮಾಡುವುದಾಗಿ ಕರುವಿನ ಹೋಳುಗಳ ನಡುವೆ ನಡೆದು ಒಡಂಬಟ್ಟು, ಬಿಡುಗಡೆ ಮಾಡಿ, ಮತ್ತೆ ಅವರನ್ನೇ ಹಿಡಿದುತಂದು ದುಡಿಸಿಕೊಂಡರು. ಪ್ರವಾದಿಯ ಕೋಪ ಅವರ ಮೇಲೆ ಬೆಂಕಿಯಂತೆ ಸುರಿಯುತ್ತದೆ.

ಅಬ್ರಹಾಮನ ಪ್ರಸಂಗದಲ್ಲಿ ನಡೆದುಹೋದವರು ಯಾರು? ಸೂರ್ಯ ಮುಳುಗುವಾಗ ಅಬ್ರಹಾಮನಿಗೆ ಗಾಢನಿದ್ರೆ ಹತ್ತಿತು. ಕತ್ತಲಲ್ಲಿ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಆ ಹೋಳುಗಳ ನಡುವೆ ಹಾದುಹೋದವು. ಅದು ದೇವರ ಸಾನ್ನಿಧ್ಯ. ಅಬ್ರಹಾಮನು ನಡೆಯಲಿಲ್ಲ. ಬಲಾಢ್ಯನಾದವನು ಶಾಪದ ಭಾರವನ್ನು ತಾನೊಬ್ಬನೇ ಹೊತ್ತುಕೊಂಡು, ದುರ್ಬಲನನ್ನು ಮಲಗಲು ಬಿಟ್ಟ. ನಾನು ಓದಿದ ಯಾವ ಕರಾರು ಪತ್ರದಲ್ಲಿಯೂ ಇಂತಹ ಷರತ್ತನ್ನು ಕಂಡಿಲ್ಲ. ತಮ್ಮಲ್ಲಿರುವ ವಕೀಲ ಮಿತ್ರರೂ ಕಂಡಿರಲಾರರು.

ಯೆಹೋಶುವನ ಗ್ರಂಥದ ಗಿಬ್ಯೋನರ ಕಥೆ ಇನ್ನೂ ವಿಚಿತ್ರವಾದುದು. ಅವರು ಹತ್ತಿರದ ಊರಿನವರು. ಜೀವಭಯದಿಂದ ಹರಿದ ಬಟ್ಟೆ, ತೇಪೆ ಹಾಕಿದ ಕೆರ, ಬೂಸಲು ಹಿಡಿದ ರೊಟ್ಟಿಗಳೊಡನೆ ಬಂದು, ತಾವು ಬಹು ದೂರದ ದೇಶದವರೆಂದು ಸುಳ್ಳು ಹೇಳಿ ಇಸ್ರಯೇಲರಿಂದ ಪ್ರಮಾಣ ಪಡೆದರು. ಮೂರು ದಿನದಲ್ಲಿ ಗುಟ್ಟು ರಟ್ಟಾಯಿತು. ನಮ್ಮ ಕರಾರು ಕಾಯಿದೆಯಾದರೆ ಏನೆನ್ನುತ್ತಿತ್ತು? ವಂಚನೆಯಿಂದ ಪಡೆದ ಸಮ್ಮತಿ. ವಂಚಿತನು ಇಷ್ಟಪಟ್ಟರೆ ರದ್ದುಪಡಿಸಬಹುದು. ಜನರೂ ಗೊಣಗಿದರು. ಆದರೆ ಮುಖಂಡರು, ದೇವರ ಹೆಸರಿನಲ್ಲಿ ಆಣೆಯಿಟ್ಟಿದ್ದೇವೆ, ಮುಟ್ಟುವಂತಿಲ್ಲ ಎಂದರು. ಗಿಬ್ಯೋನರಿಗೆ ಸೌದೆ ಒಡೆಯುವ, ನೀರು ಹೊರುವ ಊಳಿಗ ಬಂತೆಂಬುದು ನಿಜ. ಆದರೆ ಮುಂದಿನ ಅಧ್ಯಾಯದಲ್ಲಿ ಐವರು ಅರಸರು ಗಿಬ್ಯೋನಿಗೆ ಮುತ್ತಿಗೆ ಹಾಕಿದಾಗ, ಆ ಮೋಸಗಾರರನ್ನು ರಕ್ಷಿಸಲು ಯೆಹೋಶುವನು ಗಿಲ್ಗಾಲಿನಿಂದ ರಾತ್ರಿಯೆಲ್ಲ ನಡೆದು ಬಂದ. ತಲೆಮಾರುಗಳು ಕಳೆದು ಅರಸ ಸೌಲನು ಆ ಮಾತನ್ನು ಮುರಿದದ್ದಕ್ಕಾಗಿ ದಾವೀದನ ಕಾಲದಲ್ಲಿ ನಾಡಿಗೆ ಮೂರು ವರ್ಷ ಬರ ಬಂದಿತೆಂದು ಸಮುವೇಲನ ಎರಡನೆಯ ಗ್ರಂಥ ಹೇಳುತ್ತದೆ.

ಹಾಗೆಯೇ ದಾವೀದ ಮತ್ತು ಯೋನಾತಾನರ ಒಡಂಬಡಿಕೆ. ಯೋನಾತಾನನು ಯುದ್ಧದಲ್ಲಿ ಮಡಿದ. ಅವನ ಮಗ ಮೆಫೀಬೋಶೆತ್, ಎರಡು ಕಾಲೂ ಕುಂಟ, ಲೋದೆಬಾರಿನಲ್ಲಿ ಬೇರೆಯವರ ಮನೆಯಲ್ಲಿದ್ದ. ಸಿಂಹಾಸನವೇರಿದ ಹೊಸ ಅರಸನಿಂದ ಕರೆ ಬಂದಾಗ ಅವನು ಹೆದರಿದ್ದು ಸಹಜ. ದಾವೀದನು ಅವನಿಗೆ ಸೌಲನ ಜಮೀನನ್ನೆಲ್ಲ ಹಿಂದಿರುಗಿಸಿ, ತನ್ನ ಪಂಕ್ತಿಯಲ್ಲಿಯೇ ಊಟಕ್ಕೆ ಕೂರಿಸಿಕೊಂಡ. ಲೆಸ್ಟರ್ ಚೌಕದಲ್ಲಿ ಮಾತು ನೆಲದ ಜೊತೆ ಹೋಯಿತು. ಇಲ್ಲಿ ರಕ್ತದ ಜೊತೆ ಹೋಯಿತು.

ಈಗ ಆ ಯುವಕನ ಪ್ರಶ್ನೆಗೆ ಬರುತ್ತೇನೆ. ವಿವಾಹ ಕರಾರೋ, ಒಡಂಬಡಿಕೆಯೋ? ಧರ್ಮಸಭೆಯ ಕಾನೂನಿನಲ್ಲಿಯೇ ಇದಕ್ಕೊಂದು ಇತಿಹಾಸವಿದೆ. 1917ರ ಸಂಹಿತೆಯ 1012ನೆಯ ಕ್ಯಾನನ್ ವಿವಾಹವನ್ನು ಕರಾರೆಂದೇ ಕರೆದು, ಆ ಕರಾರನ್ನು ಕ್ರಿಸ್ತರು ಸಂಸ್ಕಾರದ ಘನತೆಗೆ ಏರಿಸಿದರೆಂದು ಹೇಳಿತ್ತು. ಗಂಡುಹೆಣ್ಣು ಪರಸ್ಪರ ಕೊಟ್ಟುಕೊಳ್ಳುವುದೇನೆಂಬ ಪ್ರಶ್ನೆಗೆ 1081ನೆಯ ಕ್ಯಾನನಿನ ಉತ್ತರ, ಸಂತಾನಕ್ಕೆ ತಕ್ಕ ಕ್ರಿಯೆಗಳಿಗಾಗಿ ದೇಹದ ಮೇಲಿನ ಶಾಶ್ವತವಾದ ಹಕ್ಕು ಎಂದಿತ್ತು. 1965ರಲ್ಲಿ ವ್ಯಾಟಿಕನ್ ಮಹಾಸಭೆ ‘ಗೌದಿಯುಮ್ ಎತ್ ಸ್ಪೆಸ್’ ಎಂಬ ಸಂವಿಧಾನದಲ್ಲಿ ‘ಫೇದುಸ್’, ಅಂದರೆ ಒಡಂಬಡಿಕೆ, ಎಂಬ ಮಾತನ್ನು ಬಳಸಿತು. ನಾನು ಗುರುಮಠದಲ್ಲಿ ಓದುತ್ತಿದ್ದ ಕಾಲಕ್ಕೆ 1983ರ ಸಂಹಿತೆ ಹೊಸದು. ನಮಗೆ ಪಾಠ ಹೇಳಿದವರು ಹಳೆಯದನ್ನು ಕಂಠಪಾಠ ಮಾಡಿದ್ದವರು. ಅವರು ಹಲಗೆಯ ಮೇಲೆ ಎರಡೂ ಲತೀನು ವಾಕ್ಯಗಳನ್ನು ಅಕ್ಕಪಕ್ಕದಲ್ಲಿ ಬರೆದು ತೋರಿಸುತ್ತಿದ್ದರು. ಹೊಸ 1057ನೆಯ ಕ್ಯಾನನಿನಲ್ಲಿ ಕೊಟ್ಟುಕೊಳ್ಳುವುದು ಹಕ್ಕನ್ನಲ್ಲ, ತಮ್ಮನ್ನೇ. ಅದೂ ಹಿಂತೆಗೆದುಕೊಳ್ಳಲಾಗದ ಒಡಂಬಡಿಕೆಯಿಂದ. ವಸ್ತುವಿನ ಜಾಗದಲ್ಲಿ ವ್ಯಕ್ತಿ ಬಂದು ನಿಂತ. ಅರವತ್ತಾರು ವರ್ಷಗಳಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಹಾಗೆಂದು ಕರಾರು ಎಂಬ ಮಾತನ್ನು ಧರ್ಮಸಭೆ ಕಸದ ಬುಟ್ಟಿಗೆ ಎಸೆಯಲಿಲ್ಲ. 1055ನೆಯ ಕ್ಯಾನನಿನ ಮೊದಲ ಭಾಗದಲ್ಲಿ ಒಡಂಬಡಿಕೆ ಎಂದಿದ್ದರೆ ಎರಡನೆಯ ಭಾಗದಲ್ಲಿ ಕರಾರು ಎಂದೇ ಇದೆ. ಅದು ಇರುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಕರಾರಿಗೆ ಸ್ವತಂತ್ರ ಸಮ್ಮತಿ ಬೇಕು. ಹೆದರಿಸಿ ಮಾಡಿಸಿದ ಮದುವೆ ಮದುವೆಯಲ್ಲವೆಂದು 1103ನೆಯ ಕ್ಯಾನನ್ ಹೇಳುತ್ತದೆ. ಬಾಳನ್ನೇ ಕದಡುವಂತಹ ಗುಣವೊಂದನ್ನು ಬಚ್ಚಿಟ್ಟು, ಸಮ್ಮತಿ ಪಡೆಯಲೆಂದೇ ಮೋಸಮಾಡಿದ್ದರೆ ಅದೂ ನಿಲ್ಲದೆಂದು 1098ನೆಯದು ಹೇಳುತ್ತದೆ. ಗಿಬ್ಯೋನರ ಕಥೆಯನ್ನು ತೋರಿಸಿ ಮೋಸಹೋದ ಹೆಣ್ಣುಮಗಳ ಬಾಯಿ ಮುಚ್ಚಿಸುವವರು ಇದನ್ನು ತಿಳಿದಿರಲಿ.

ಆದರೆ ಕರಾರಿನಲ್ಲಿ ಸಲ್ಲುವ ಒಂದು ಸಂಗತಿ ಮದುವೆಯಲ್ಲಿ ಸಲ್ಲುವುದಿಲ್ಲ. ಮುಂದೆ ಇಂಥದ್ದು ನಡೆದರೆ ಮಾತ್ರ ಎಂಬ ಷರತ್ತಿನ ಕರಾರು ನಮ್ಮ ಕಾಯಿದೆಯಲ್ಲಿ ಉಂಟು. ಭವಿಷ್ಯದ ಷರತ್ತಿಗೆ ಒಳಪಟ್ಟ ವಿವಾಹವಾದರೋ 1102ನೆಯ ಕ್ಯಾನನಿನ ಪ್ರಕಾರ ಸಿಂಧುವೇ ಅಲ್ಲ. ಹೀಗಿರುವಾಗ ಬಲಿಪೀಠದ ಮುಂದೆ ಒಡಂಬಡಿಕೆ, ಹಿಂದಿನ ರಾತ್ರಿ ಮನೆಯ ಜಗಲಿಯಲ್ಲಿ ಕರಾರು ಎಂಬ ದ್ವಂದ್ವ ನಮ್ಮಲ್ಲಿ ಇನ್ನೂ ಹೋಗಿಲ್ಲ. ಇಷ್ಟು ಚಿನ್ನ, ಇಂಥ ವಾಹನ, ಉಳಿದದ್ದು ಪಾಸ್ಕ ಹಬ್ಬದೊಳಗೆ. ಇದನ್ನು ಚೀಟಿಯಲ್ಲಿ ಬರೆದಿಡುವವರೂ ಉಂಟು. ಆ ಚೀಟಿಗೆ ಕಾನೂನಿನಲ್ಲಿ ಕಾಸಿನ ಬೆಲೆಯಿಲ್ಲ: ವರದಕ್ಷಿಣೆ ಕೊಡುವ ಅಥವಾ ಪಡೆಯುವ ಒಪ್ಪಂದ ಶೂನ್ಯವೆಂದು 1961ರ ವರದಕ್ಷಿಣೆ ನಿಷೇಧ ಕಾಯಿದೆಯ 5ನೆಯ ಕಲಮು ಹೇಳುತ್ತದೆ, ಕೇಳುವುದೂ ಅಪರಾಧ. ಅದು ಕರಾರೂ ಅಲ್ಲ, ಒಡಂಬಡಿಕೆಯಂತೂ ಅಲ್ಲವೇ ಅಲ್ಲ. ಆದರೂ ಆ ಚೀಟಿಯ ಬಾಕಿಗಾಗಿ ಮಗಳು ತವರಿಗೆ ಮರಳಿದ್ದನ್ನು ನಾನು ಸೇವೆಮಾಡಿದ ಒಂದಕ್ಕಿಂತ ಹೆಚ್ಚು ಧರ್ಮಕೇಂದ್ರಗಳಲ್ಲಿ ಕಂಡಿದ್ದೇನೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ದುರುಪಯೋಗವಿದೆ. ಅದು ನಮ್ಮಂಥವರ ಬಾಯಿಂದಲೇ ಬರುವುದರಿಂದ ಹೆಚ್ಚು ಅಪಾಯಕರ. ಕುಡಿದು ಬಂದು ಹೊಡೆಯುವ ಗಂಡನ ಮನೆಯಿಂದ ಮಕ್ಕಳನ್ನು ಕಟ್ಟಿಕೊಂಡು ಹೊರಟವಳಿಗೆ, “ಮದುವೆ ಒಡಂಬಡಿಕೆ ಕಣಮ್ಮ, ಸಹಿಸಿಕೋ” ಎಂದು ಬುದ್ಧಿ ಹೇಳುವುದು. ಒಡಂಬಡಿಕೆ ಎಂದರೆ ತನ್ನನ್ನು ತಾನು ಕಟ್ಟಿಕೊಳ್ಳುವ ಮಾತೆಂದು ಆಗಲೇ ಹೇಳಿದೆ. ಹೋಳುಗಳ ನಡುವೆ ನಡೆದವನು ಬಲಾಢ್ಯ, ರಾತ್ರಿಯೆಲ್ಲ ನಡೆದವನು ಯೆಹೋಶುವ, ಕುಂಟನನ್ನು ಕರೆಸಿದವನು ಅರಸ. ಆ ಮಾತನ್ನು ಮೊದಲು ಕೇಳಿಸಬೇಕಾದದ್ದು ಕೈಯೆತ್ತಿದವನಿಗೆ. ದೇಹಕ್ಕಾಗಲಿ ಮನಸ್ಸಿಗಾಗಲಿ ಗಂಭೀರವಾದ ಅಪಾಯವಿದ್ದಲ್ಲಿ ಬೇರೆ ವಾಸಿಸಲು ನ್ಯಾಯವಾದ ಕಾರಣವುಂಟೆಂದು 1153ನೆಯ ಕ್ಯಾನನ್ ಒಪ್ಪುತ್ತದೆ. ತಡಮಾಡಿದರೆ ಅಪಾಯವೆನಿಸಿದಲ್ಲಿ ಯಾರ ಅಪ್ಪಣೆಗೂ ಕಾಯದೆ ಹೊರಡಬಹುದೆನ್ನುತ್ತದೆ. ದೇಶದ ಕಾನೂನಿನಲ್ಲಿ 2005ರ ಕೌಟುಂಬಿಕ ಹಿಂಸೆಯ ಕಾಯಿದೆಯೂ ಇದೆ. ಹೀಗೆ ಹೊರಟವಳು ಒಡಂಬಡಿಕೆಯನ್ನು ಮುರಿದವಳಲ್ಲ. ಅವಳನ್ನು ಪೂಜೆಗೆ ಬಂದಾಗ ಕಣ್ಣಂಚಿನಿಂದ ನೋಡಬೇಡಿರಿ.

ಇನ್ನು ಕಾರ್ಯಾಲಯಕ್ಕೆ ಸಂಬಂಧಿಸಿದ ಒಂದು ಮಾತು. ವಿವಾಹಕ್ಕೆ ಮುನ್ನ ವರನನ್ನೂ ವಧುವನ್ನೂ ಗುರುಗಳು ಪ್ರತ್ಯೇಕವಾಗಿ ಕೂರಿಸಿಕೊಂಡು ವಿಚಾರಿಸುತ್ತಾರೆ: ಸ್ವಂತ ಇಚ್ಛೆಯಿಂದ ಬಂದಿದ್ದೀರಾ, ಯಾರಾದರೂ ಒತ್ತಾಯಿಸಿದ್ದಾರೆಯೇ, ಏನಾದರೂ ಷರತ್ತು ಉಂಟೇ ಎಂದು. “ನಮ್ಮ ಮಗಳನ್ನು ಒಬ್ಬಳೇ ಏಕೆ ಕರೆಯುತ್ತೀರಿ, ಅವಳ ಪರವಾಗಿ ನಾವೇ ಹೇಳುತ್ತೇವಲ್ಲ ಸ್ವಾಮಿ” ಎಂದು ಕೆಲವರು ಬೇಸರಪಡುತ್ತಾರೆ. ದಯವಿಟ್ಟು ಬೇಸರಪಡಬೇಡಿರಿ. ಆ ಅರ್ಧ ಗಂಟೆ ತಾವು ಹೊರಗಿನ ಬೆಂಚಿನ ಮೇಲೆ ಕುಳಿತಿರಿ, ಕಾಫಿ ಕಳುಹಿಸಿಕೊಡುತ್ತೇನೆ.